ಗುರುರಾಯರ ಕೋಟು, ಮಾವನ ಸಾಂಬಾರು ಪುಡಿ

ಈ ಜನ್ಮದಲ್ಲಿ ನಾನು ಕೋಟು ತೊಟ್ಟದ್ದು ಒಂದೇ ಒಂದು ಸಲ, ಅದೂ ಬೇರೆಯವರದ್ದು. ಹೆಣ್ಣು ನೋಡಲು ಬರುವ ದಿನ ಮನೆಯ ಹರಕು ಚಾಪೆಯನ್ನು ಅಟ್ಟಕ್ಕೆ ಸೇರಿಸಿ ಪಕ್ಕದ ಮನೆಯ ಜಮಖಾನ ಹಾಸುತ್ತೇವಲ್ಲ, ಕೆಲಸದ ಸಂದರ್ಶನಕ್ಕೂ ಹಾಗೆಯೇ ಹೋಗಬೇಕೆಂದು ನಂಬಿದ್ದ ಕಾಲ ಅದು. ಬಂದವರಿಗೆ ಜಮಖಾನ ಯಾರದ್ದೆಂದು ಗೊತ್ತೇ ಇರುತ್ತದೆ. ಅವರ ಮನೆಯಲ್ಲೂ ಅದೇ ಪದ್ಧತಿ ತಾನೆ?

ಅರವತ್ತರ ದಶಕದ ಮಾತು. ಉಡುಪಿಯ ಕಡೆಯಿಂದ ರಸಾಯನಶಾಸ್ತ್ರದ ಬಿ.ಎಸ್ಸಿ. ಹಿಡಿದುಕೊಂಡು ಬಂದವನು ಅಹಮದಾಬಾದಿನಲ್ಲಿ ಸೋದರಮಾವನ ಹೋಟೆಲಿನ ಮಹಡಿ ಸೇರಿದ್ದೆ. ಕೆಲಸ ಸಿಗುವ ತನಕ ಎಂದು ಹೆಗಲಿಗೆ ಟವೆಲು ಹಾಕಿ ಸಪ್ಲೈಗೆ ನಿಂತವನಿಗೆ ವರ್ಷ ಕಳೆದದ್ದೇ ತಿಳಿಯಲಿಲ್ಲ. ನಾಲ್ಕು ಸಂದರ್ಶನಗಳಲ್ಲಿ ಸೋತು ಬಂದೆ. ಐದನೆಯದು ವಡೋದರದ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದ್ದು.

“ಇದೂ ತಪ್ಪಿತಾ, ಮತ್ತೆ ಮಾತಿಲ್ಲ. ಸೂರತ್ತಿನ ಹೊಸ ಹೋಟ್ಲು ನೀನೇ ನೋಡಿಕೊಳ್ಳುವುದು, ಗೊತ್ತಾಯ್ತಾ ಮಾರಾಯ?” ಎಂದರು ಮಾವ. ಅದು ಪ್ರೀತಿಯ ಮಾತೇ. ಆದರೆ ಓದಿದ್ದೆಲ್ಲ ಉದ್ದಿನಹಿಟ್ಟಿನಲ್ಲಿ ರುಬ್ಬಿಹೋಗುವುದು ನನಗೆ ಬೇಡವಾಗಿತ್ತು.

ನಮ್ಮಲ್ಲಿ ನಿತ್ಯ ಊಟಕ್ಕೆ ಬರುತ್ತಿದ್ದ ಧಾರವಾಡದ ಗುರುರಾಯರು ಕೇಂದ್ರ ಸರಕಾರದ ಕಚೇರಿಯಲ್ಲಿದ್ದವರು. ತಮ್ಮ ಮದುವೆಯ ಕೋಟು ತಂದುಕೊಟ್ಟು, ಜೇಬಿಗೊಂದು ರೇಷ್ಮೆ ಕರವಸ್ತ್ರ ಸಿಕ್ಕಿಸಿ ಉಪದೇಶಕ್ಕೆ ಕುಳಿತರು. “ಹೋಟೆಲ್ ಅಂತ ಬಾಯಿ ಬಿಟ್ಟಿ ಅಂದ್ರ ಕೆಲಸ ಹೋತು ನೋಡು. ಈಗೇನ್ ಮಾಡ್ತೀ ಅಂದ್ರ, ಪ್ರೈವೇಟ್ ಸ್ಟಡಿ ಅನ್ನು. ಚಾ ಕೊಟ್ರ ಬ್ಯಾಡ ಅನ್ನು.”

ಮೇಜಿನ ಆಚೆ ಮೂವರು ಅಧಿಕಾರಿಗಳು. ನಡುವಿನವರು ಬಿಳಿ ಟೋಪಿಯ ಹಿರಿಯರು. ಈಗೇನು ಮಾಡುತ್ತಿದ್ದೀರಿ ಎಂದರು. “ಪ್ರೈವೇಟ್ ಸ್ಟಡಿ, ಸರ್” ಎಂದೆ. ಚಹಾ ಬಂತು, ಬೇಡ ಎಂದೆ. ಮುಂದಿನ ಪ್ರಶ್ನೆಗಳಿಗೆಲ್ಲ ಗುರುರಾಯರ ಕೋಟೇ ಉತ್ತರ ಕೊಡುತ್ತಿದ್ದಂತಿತ್ತು. ಮೂವರ ಮುಖದಲ್ಲೂ ಆಕಳಿಕೆ.

ಅಷ್ಟರಲ್ಲಿ ಹಿರಿಯರ ಮೊಣಕೈ ತಾಗಿ ಗ್ಲಾಸು ಉರುಳಿ ಚಹಾ ನನ್ನ ಸರ್ಟಿಫಿಕೇಟುಗಳ ಕಡೆಗೆ ಹರಿಯಿತು. ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ಟವೆಲಿಗಾಗಿ ಎಡ ಹೆಗಲಿಗೆ ಹೋದ ಕೈ, ಅಲ್ಲಿ ಬರೀ ಕೋಟು ಸಿಕ್ಕಿ, ರೇಷ್ಮೆ ಕರವಸ್ತ್ರವನ್ನೇ ಎಳೆದು ಒಂದೇ ಬೀಸಿಗೆ ಮೇಜು ಒರೆಸಿತು. ಇನ್ನೊಂದು ಕೈಯ ಬೆರಳುಗಳು ಮೂರೂ ಗ್ಲಾಸುಗಳನ್ನು ಎತ್ತಿದವು. ಬಾಯಿ ಬಾಗಿಲ ಕಡೆ ತಿರುಗಿ, ರಾಗವಾಗಿ, “ತೀನ್ ಚಾಯ್!” ಎಂದು ಕೂಗಿತು.

ಸೂರತ್ತಿನ ಹೋಟೆಲಿನ ಬೋರ್ಡು ನನ್ನ ಕಣ್ಣಿಗೆ ಕಟ್ಟಿತು.

“ಕಈ ಹೋಟೆಲ್, ಭಾಯಿ?” ಯಾವ ಹೋಟೆಲಪ್ಪ ಎಂದರು ಹಿರಿಯರು, ಮೆಲ್ಲಗೆ.

ಇನ್ನು ಮುಚ್ಚಿಡಲು ಏನುಳಿದಿತ್ತು? ಮಾವನ ಹೋಟೆಲಿನ ಹೆಸರು ಹೇಳಿದೆ. ಅಡುಗೆಯವರು ಬದಲಾದರೂ ನಿಮ್ಮ ಉಡುಪಿಯವರ ಹೋಟೆಲುಗಳಲ್ಲಿ ಸಾಂಬಾರು ದಿನವೂ ಒಂದೇ ಥರ ಇರುವುದು ಹೇಗೆ ಎಂದು ಹಿರಿಯರು ಕೇಳಿದರು. ಮೊದಲ ಬಾರಿಗೆ ನನ್ನ ನಾಲಿಗೆ ಸಡಿಲವಾಯಿತು. ಹೊಸ ಪುಡಿ ಮಾಡಿದಾಗ ಹಳೆಯದೊಂದು ಚಮಚ, ಹೊಸದೊಂದು ಚಮಚ ಬಿಳಿ ಬಸಿಯ ಮೇಲೆ ಪಕ್ಕಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ ಬಣ್ಣ ನೋಡಬೇಕು. ಒಂದು ಛಾಯೆ ಹೆಚ್ಚು ಕಪ್ಪಾಗಿದ್ದರೂ ಮಾವ ಅದನ್ನು ಒಲೆಯ ಹತ್ತಿರ ಸೇರಿಸುವುದಿಲ್ಲ. ಆ ನೋಡುವ ಕೆಲಸ ನನ್ನದು ಎಂದೆ. ಹಿರಿಯರು ಪಕ್ಕದವರತ್ತ ತಿರುಗಿ, “ನಮ್ಮ ಲ್ಯಾಬಿನಲ್ಲಿ ಮಾಡುವುದೂ ಇದನ್ನೇ ಅಲ್ಲವೇ?” ಎಂದು ನಕ್ಕರು.

ಕೆಲಸ ಸಿಕ್ಕಿತು. “ಪುಡಿಯ ಗುಟ್ಟು ಊರಿಗೆಲ್ಲ ಹೇಳಿ ಬಂದೆಯಾ?” ಎಂದು ಮಾವ ಗದರಿದರು, ಆಮೇಲೆ ಅಂದು ಬಂದ ಗಿರಾಕಿಗಳಿಗೆಲ್ಲ ಮೈಸೂರುಪಾಕು ಹಂಚಿದರು. ಅನ್ನ ಹಾಕಿದ ಆ ಮನುಷ್ಯನ ಹೋಟೆಲನ್ನು ಮುಚ್ಚಿಡಲು ಹೊರಟಿದ್ದೆನಲ್ಲ ಎಂದು ನನಗೆ ತುಂಬ ನಾಚಿಕೆಯಾಯಿತು. ಗುರುರಾಯರು ಮಾತ್ರ ಕರವಸ್ತ್ರವನ್ನು ಹಿಡಿದು ನೋಡಿ, “ನಾ ಹೇಳಿದ್ದು ಕಡೀತನಕ ಕೇಳಲಿಲ್ಲ ನೀ. ಛಲೋ ಆತು” ಎಂದರು.

ಮುಂದೆ ಮೇಜಿನ ಆಚೆ ಕೂರುವ ಸರದಿ ನನ್ನದಾಯಿತು. ಎರವಲು ಕೋಟಿನೊಳಗಿಂದ ಯಾವನಾದರೂ ಬೆವರುತ್ತ “ಪ್ರೈವೇಟ್ ಸ್ಟಡಿ” ಎಂದರೆ ನಾನು ಚಹಾ ತರಿಸುತ್ತಿದ್ದೆ. ಆಮೇಲೆ ಯಾಕೋ, ನನ್ನ ಮೊಣಕೈ ಹತೋಟಿ ತಪ್ಪುತ್ತಿತ್ತು.