ಹರಿಗೋಲಿನ ಲೈಸೆನ್ಸಿಗೆ ನಾನು ಬರೆದ ಮೂರು ಪದ

1955ರಲ್ಲಿ ನಾನು ಹೆಗ್ಗಡದೇವನಕೋಟೆ ಸೀಮೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಒಪ್ಪಿಗೆಯಾಗದ ಅರ್ಜಿಗಳಿಗೆ ಹಿಂಬರಹ ಕೊಡುವುದು, ಅಂದರೆ ತೀರ್ಮಾನವನ್ನೂ ಅದರ ಕಾರಣವನ್ನೂ ಬರೆದು ಅರ್ಜಿದಾರನಿಗೆ ಕಳುಹಿಸುವುದು, ನನ್ನ ಕೆಲಸ. ಕಾರಣದ ಜಾಗದಲ್ಲಿ ‘ಫಾರ್ ಅಡ್ಮಿನಿಸ್ಟ್ರೇಟಿವ್ ರೀಸನ್ಸ್’ ಎಂದು ಬರೆಯುತ್ತಿದ್ದೆ. ಆಡಳಿತದ ಕಾರಣಗಳಿಂದ ಎಂದು ಅದರ ಅರ್ಥ. ನನಗೆ ಕೆಲಸ ಕಲಿಸಿದವರೂ ಹಾಗೆಯೇ ಬರೆಯುತ್ತಿದ್ದರು. ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ನಿಂಗಯ್ಯ ಎಂಬಾತನ ಅರ್ಜಿ ಬಂತು. ಕಪಿಲಾ ಹೊಳೆ ದಾಟುವ ಒಂದು ಕಡವಿನಲ್ಲಿ ಹರಿಗೋಲು ಹಾಕಿ ಜನರನ್ನು ಸಾಗಿಸುತ್ತಿದ್ದ ಅವನು ಲೈಸೆನ್ಸ್ ನವೀಕರಿಸಿಕೊಳ್ಳಬೇಕಿತ್ತು. ಪ್ರವಾಹಕ್ಕೆ ಆ ಕಡವಿನ ದಡ ಕುಸಿದಿತ್ತು. ಮೂರು ಫರ್ಲಾಂಗು ಮೇಲೆ ಹೊಸ ಕಡವು ಗೊತ್ತುಮಾಡುವವರೆಗೆ ಲೈಸೆನ್ಸ್ ಬೇಡ ಎಂದು ತನಿಖೆಯ ವರದಿ ಹೇಳಿತ್ತು. ನಾನು ಅದನ್ನು ಓದಿದ್ದೆ. ಓದಿಯೂ ಆ ಮೂರು ಪದವನ್ನೇ ಬರೆದೆ.

ಎರಡು ತಿಂಗಳಲ್ಲಿ ಹೊಸ ಕಡವಿಗೆ ಲೈಸೆನ್ಸ್ ಸಿದ್ಧವಾಯಿತು. ಅದನ್ನು ಪಡೆಯಲು ಬಂದ ನಿಂಗಯ್ಯ ಕೈಚಾಚಲಿಲ್ಲ. ಹಳೆಯ ಹಿಂಬರಹವನ್ನು ಮೇಜಿನ ಮೇಲಿಟ್ಟ.

“ನಂದೇನು ತಪ್ಪು ಅಂತ ಬರ್ದಿದ್ದೀರಿ ಸ್ವಾಮಿ? ವಸಿ ಓದಿ.”

ತಪ್ಪೇನಿಲ್ಲ, ದಡ ಕುಸಿದಿತ್ತು, ಅಷ್ಟೇ ಎಂದೆ.

“ಅದ್ನೇ ಬರೀಬೌದಿತ್ತಲ್ಲ ಸ್ವಾಮಿ. ಊರಲ್ಲಿ ಒಬ್ಬೊಬ್ರು ಒಂದೊಂದು ಓದ್ಕೊಂಡವ್ರೆ.”

ಕುಡಿದು ಹುಟ್ಟು ಹಾಕುತ್ತಾನೆ ಎಂದು ಒಬ್ಬರು, ಹರಿಗೋಲಿನ ಚರ್ಮ ಕೊಳೆತಿದೆ ಎಂದು ಇನ್ನೊಬ್ಬರು. ಸರ್ಕಾರವೇ ಬಾಯಿಬಿಡದಿದ್ದರೆ ದೊಡ್ಡದೇನೋ ಇರಬೇಕೆಂದು ಅಂಗಡಿಯವನು. ನಿಂಗಯ್ಯನ ಹರಿಗೋಲಿಗೆ ಇನ್ನು ಕಾಲಿಡುವುದಿಲ್ಲವೆಂದು ಊರು ತೀರ್ಮಾನಿಸಿತ್ತು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ವರದಿಯ ನಕಲು ಹಿಡಿದು ಹೊಸ ಕಡವಿಗೆ ಹೋದೆ. ಸಂತೆಗೆ ಹೊರಟಿದ್ದ ಹತ್ತು ಹನ್ನೆರಡು ಜನರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ನಿಂಗಯ್ಯ ಹರಿಗೋಲು ಹಿಡಿದು ನಿಂತಿದ್ದರೂ ಯಾರೂ ಅಲುಗಲಿಲ್ಲ. ಕೋಳಿಬುಟ್ಟಿ ಹೊತ್ತಿದ್ದ ಮುದುಕಿಯೊಬ್ಬಳು, “ಕಾಗ್ದ ಎಂಗಾರ ಓದ್ಬೌದು ಕಣಪ್ಪ. ಮೊದ್ಲು ನೀನು ಕೂತ್ಕೊ” ಎಂದಳು.

ನನಗೆ ಈಜು ಬರುತ್ತಿರಲಿಲ್ಲ. ಕೂತೆ. ಹರಿಗೋಲು ತಿರುಗುತ್ತಾ ನಡುನೀರಿಗೆ ಹೋಯಿತು. ನಿಂಗಯ್ಯ ಹುಟ್ಟು ಹಾಕುತ್ತಾ, ಅಂಚನ್ನು ಬಿಗಿಹಿಡಿದ ನನ್ನ ಕೈಯನ್ನು ಒಮ್ಮೆ ನೋಡಿದ. ಆಚೆ ದಡ ಮುಟ್ಟಿ ಈಚೆಗೆ ಬಂದಾಗ ಮುದುಕಿ ಹತ್ತಿದಳು. ಅವಳ ಹಿಂದೆ ಇಬ್ಬರು. ಉಳಿದವರು ಮುಂದಿನ ಕಡವು ಹುಡುಕಿಕೊಂಡು ದಂಡೆಯಲ್ಲೇ ನಡೆದುಹೋದರು.

ನಾವು ಬರೆಯದೆ ಬಿಟ್ಟ ಕಾರಣವನ್ನು ಜನ ತಾವೇ ತುಂಬಿಕೊಳ್ಳುತ್ತಾರೆ. ಅದರ ಭಾರ ನಮ್ಮ ಮೇಲಲ್ಲ, ಅರ್ಜಿದಾರನ ಮೇಲೆ ಬೀಳುತ್ತದೆ. ನಿವೃತ್ತನಾಗುವವರೆಗೆ ನಾನು ಆ ಮೂರು ಪದ ಮತ್ತೆ ಬರೆಯಲಿಲ್ಲ. ದಡ ಕುಸಿದಿದ್ದರೆ, ದಡ ಕುಸಿದಿದೆ ಎಂದೇ ಬರೆದೆ. ಅಂದು ನಡೆದುಹೋದವರು ನಿಂಗಯ್ಯನ ಹರಿಗೋಲನ್ನು ಮತ್ತೆ ಹತ್ತಿದರೋ ಇಲ್ಲವೋ, ನನಗೆ ತಿಳಿಯದು.