ಜೇಬಿನಲ್ಲಿದ್ದ ಫ್ಯೂಸು

ನನ್ನ ಮಾವನವರು ಮೂವತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವವರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವ ಮನುಷ್ಯ, ಕೆಲಸದಲ್ಲಿ ಮಾತ್ರ ಒಂದು ಕಟ್ಟಳೆ ತಪ್ಪಿದವರಲ್ಲ: ಯಾರಾದರೂ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುವ ಮೊದಲು ಅದರ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. "ಜೀವ ಜೇಬಲ್ಲಿದೆ, ಇಳಿ," ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಜೊತೆಗೆ ದುಡಿಯುವ ಮಗ, ಅಂದರೆ ನನ್ನ ಗಂಡ, ಆಮೇಲೆಯೇ ಇಳಿಯುತ್ತಿದ್ದ.

ಒಂದು ಮಧ್ಯಾಹ್ನ ಅವರು ಕೆಲಸಕ್ಕಿದ್ದ ಕಟ್ಟಡಕ್ಕೆ ನಾನು ಊಟದ ಡಬ್ಬಿ ಒಯ್ದಾಗ ಅವನು ಆಗಲೇ ಗುಂಡಿಯಲ್ಲಿದ್ದ. ಲಿಫ್ಟನ್ನು ತಡೆಯುವ ಸ್ವಿಚ್ಚು ಅಲ್ಲಿ ಕೆಟ್ಟಿತ್ತು, ಅದನ್ನೇ ಸರಿಮಾಡಬೇಕಿತ್ತು. ಯಾರೂ ಒಳಗೆ ಬೀಳದಿರಲೆಂದು ಮಾವ ಬಾಗಿಲು ಮುಚ್ಚಿ ಕಾವಲು ನಿಂತಿದ್ದರು.

ಬಾಗಿಲ ಮೇಲಿನ ಅಂಕಿ ಬದಲಾಯಿತು. ಐದು. ನಾಲ್ಕು.

"ಮಾವ, ಲಿಫ್ಟ್ ಬರ್ತಿದೆ."

"ಅಂಕಿ ಕೆಟ್ಟಿರ್ಬೇಕಮ್ಮ. ಫ್ಯೂಸ್ ಇಲ್ಲೇ ಇದೆಯಲ್ಲ."

ಮೂರು. ಈಗ ಹಗ್ಗದ ಸದ್ದೂ ಕೇಳಿಸಿತು. ಮಾವ ಬಾಗಿಲಿಗೆ ಬಾಯಿ ಹಚ್ಚಿ "ಮಲಕ್ಕೋ ಮಗಾ, ಮಲಕ್ಕೋ" ಎಂದು ಕೂಗಿದರು. ನಾನು ಡಬ್ಬಿಯನ್ನೇ ಅವುಚಿಕೊಂಡು ನಿಂತೆ.

ಲಿಫ್ಟು ಬಂದು ನಿಂತಿತು. ಒಳಗಿದ್ದವರೊಬ್ಬರು ಏನೂ ಅರಿಯದೆ ಇಳಿದು ಹೋದರು. ಕೆಳಗಿನಿಂದ ಉಸಿರಿನ ಸದ್ದೂ ಇಲ್ಲ. ಆಮೇಲೆ ಕೆಮ್ಮು ಕೇಳಿತು. ನೆಲಕ್ಕಂಟಿ ಮಲಗಿದ್ದರಿಂದ ನನ್ನ ಗಂಡ ಉಳಿದ.

ಅಲ್ಲಿದ್ದದ್ದು ಜೋಡಿ ಲಿಫ್ಟು. ತಾರಸಿಯ ಮೇಲಿನ ಲಿಫ್ಟ್ ಕೋಣೆಗೆ ಬಣ್ಣ ಬಳಿದವರು ಎರಡು ಫ್ಯೂಸ್ ಪೆಟ್ಟಿಗೆಗಳ ನಂಬರ್ ಹಲಗೆಗಳನ್ನು ಅದಲುಬದಲು ಮಾಡಿದ್ದರು. ಮಾವ ಕಿತ್ತದ್ದು ಪಕ್ಕದ ಲಿಫ್ಟಿನ ಫ್ಯೂಸು.

ವಾರದೊಳಗೆ ಆ ಘಟನೆಯ ಬಗ್ಗೆ ಕಂಪನಿಯಿಂದ ಇಂಗ್ಲಿಷ್ ಪತ್ರ ಬಂತು. ಮನೆಯಲ್ಲಿ ಇಂಗ್ಲಿಷ್ ಟೀಚರ್ ನಾನೇ. ಮಾವ ಒಂದು ಪದದ ಮೇಲೆ ಬೆರಳಿಟ್ಟರು.

"ಈ ಅಸ್ಯೂಮ್ ಅಂದ್ರೇನಮ್ಮ?"

"ನೋಡದೇನೇ ನಿಜ ಅಂದ್ಕೊಳ್ಳೋದು, ಮಾವ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಟೀಚರ್ ಬಾಯಿ, ಸುಮ್ಮನಿರದು. "ಲ್ಯಾಟಿನ್‌ನಿಂದ ಬಂದ ಪದ. ಮೂಲದಲ್ಲಿ, ಕೈಗೆ ತಗೊಳ್ಳೋದು, ತನ್ನದು ಮಾಡ್ಕೊಳ್ಳೋದು ಅಂತಷ್ಟೇ ಅರ್ಥ."

ಮಾವ ಪತ್ರ ಮಡಚಿದರು. "ತಗೊಂಡಿದ್ದು ನಿಜ," ಎಂದರು. "ಯಾವ್ದನ್ನ ಅಂತ ನೋಡ್ಲಿಲ್ಲ."

ಮುಂದಿನ ಕೆಲಸಕ್ಕೆ, ಭಯ ತಡೆಯಲಾರದೆ, ನಾನೂ ಹಿಂದೆ ಹೋದೆ. ಮಾವ ಫ್ಯೂಸ್ ತಂದರು, ಎದೆ ತಟ್ಟಿಕೊಳ್ಳಲಿಲ್ಲ. ನನ್ನ ಗಂಡ ಕೈ ಚಾಚಿದ.

"ನಂಗೆ ಕೊಡಿ ಅಪ್ಪ."

ಕೊಟ್ಟರು. ಅವನು ಅದನ್ನು ಜೇಬಿಗಿಟ್ಟು, ಲಿಫ್ಟ್ ಕರೆಯುವ ಬಟನ್ ಒತ್ತಿದ. ಲಿಫ್ಟು ಕದಲಲಿಲ್ಲ. ಅಪ್ಪನ ಮುಖ ನೋಡದೆ ಮತ್ತೊಮ್ಮೆ ಒತ್ತಿದ.