ಫೋಟೋಗೆ ಬಿಗಿಯಾಗಬೇಕಿದ್ದ ಕೊರಳು

ಕಾಯಿಲೆ ಬಿದ್ದು, ಆಪರೇಷನ್ ಆಗಿ ಸೊರಗಿದ ಮೇಲೆ ನನ್ನ ಕೊರಳ ಚರ್ಮ ಜೋತುಬಿದ್ದಿತ್ತು. ಮಗಳ ಮದುವೆ ಫೋಟೋದಲ್ಲಿ ಅದು ಕಾಣಬಾರದಂತೆ! ನಾದಿನಿ ನನ್ನನ್ನು ಕಡೂರಿನ ಸ್ಕಿನ್ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಅಲ್ಲಿ ರೇಡಿಯೋ ಅಲೆಯ ಶಾಖ ಕೊಟ್ಟು ಚರ್ಮ ಬಿಗಿ ಮಾಡುತ್ತಾರೆ.

"ಕುತ್ತಿಗೇಲಿರೋ ಮೆಟಲ್ ಎಲ್ಲಾ ತೆಗೀರಿ ಆಂಟಿ," ಎಂದು ಮಷೀನಿನ ಹುಡುಗಿ ಟ್ರೇ ಚಾಚಿದಳು. ಮನಸ್ಸಿಲ್ಲದಿದ್ದರೂ ತಾಳಿ ಬಿಚ್ಚಿಟ್ಟೆ. "ಆ ಬೆಳ್ಳಿ ಡಬ್ಬೀನೂ," ಎಂದಳು. ಅದು ಡಬ್ಬಿಯಲ್ಲ, ನನ್ನ ಇಷ್ಟಲಿಂಗವಿರುವ ಕರಡಿಗೆ.

"ಅರ್ಧ ಗಂಟೆ ತಾನೇ, ತೆಗೀರಿ ಅತ್ಗೆ," ಎಂದಳು ನಾದಿನಿ, ತಾನೂ ಲಿಂಗ ಕಟ್ಟಿಕೊಂಡವಳು!

ಮೈಯೆಲ್ಲ ಉರಿದುಹೋಯಿತು. "ಆಪರೇಷನ್ ಮಾಡಿದ ಡಾಕ್ಟ್ರೇ ಇದನ್ನ ತೋಳಿಗೆ ಕಟ್ಟಿಸಿದ್ರು, ತೆಗೀರಿ ಅನ್ಲಿಲ್ಲ," ಎಂದು ತಾಳಿಯನ್ನು ಕೊರಳಿಗೆ ಹಾಕಿಕೊಂಡು ಎದ್ದೆ. "ನಾನು ಸತ್ತಾಗ ಮಣ್ಣಲ್ಲಿ ನನ್ನ ಕೈಗಿಡೋದು ಇದನ್ನ ಕಣೇ, ಮದುವೆ ಫೋಟೋನಲ್ಲ."